ಯಂತ್ರಲೋಕ: ಓಟದ ಕಾರಿಗೆ ಒಪ್ಪುವ ಕಿಡಿ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಮಾತು ಮೋಟಾರು ಕಾರಿನ ಅಂಗಾಂಗಗಳಲ್ಲಿ ಯಾವುದಕ್ಕಾದರೂ ಒಪ್ಪುವುದಾದರೆ ಅದು ಸ್ಪಾರ್ಕ್ ಪ್ಲಗ್ಗಿಗೇ ಸರಿ. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದಷ್ಟು ಅದರ ಗಾತ್ರ. ನೋಡಲು ಬಿಳಿಯ ಪಿಂಗಾಣಿಯ ಒಂದು ತುಂಡು, ಅದರ ನಡುವಿಗೆ ಬಿಗಿದ ಉಕ್ಕಿನ ಕವಚ, ತುದಿಯಲ್ಲಿ ಎರಡು ಲೋಹದ ಮೊನೆಗಳು. ವೇಗದ ಕಾರನ್ನು ಕೊಂಡ ಶ್ರೀಮಂತನು ಅದರ ಅಶ್ವಶಕ್ತಿ ಎಷ್ಟೆಂಬುದನ್ನು ನಿದ್ದೆಯಲ್ಲಿಯೂ ಹೇಳಬಲ್ಲನು. ಚಕ್ರದ ಅಳತೆ, ಬಣ್ಣದ ಹೆಸರು, ಆಸನದ ತೊಗಲು ಎಲ್ಲವೂ ಅವನಿಗೆ ಬಾಯಿಪಾಠವಾಗಿರುತ್ತವೆ. ಆದರೆ ಎಂಜಿನ್ನಿನ ತಲೆಯೊಳಗೆ, ಆಳವಾದ ಕುಳಿಗಳಲ್ಲಿ ಹುದುಗಿ ಕುಳಿತ ಪ್ಲಗ್ಗುಗಳು ಯಾವ ಜಾತಿಯವು ಎಂದು ಕೇಳಿದರೆ ಅವನು ತನ್ನ ಮೆಕ್ಯಾನಿಕ್ಕಿನ ಮುಖವನ್ನು ನೋಡುತ್ತಾನೆ.

ಈ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಅಲ್ಪವಲ್ಲ. ತಪ್ಪು ಪ್ಲಗ್ಗನ್ನು ಹಾಕಿಕೊಂಡ ಸಾಮಾನ್ಯ ಕಾರು ಬಹುಮಟ್ಟಿಗೆ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ಪೆಟ್ರೋಲನ್ನು ಹೆಚ್ಚಾಗಿ ಕುಡಿಯುತ್ತದೆ, ಅಷ್ಟೆ. ಅದೇ ತಪ್ಪು ಪೂರ್ಣವೇಗದಲ್ಲಿ ಓಡುವ ಬಲಿಷ್ಠ ಎಂಜಿನ್ನಿನಲ್ಲಿ ನಡೆದರೆ ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ನಿನ ನೆತ್ತಿ ಕರಗಿ ತೂತು ಬೀಳಬಹುದು. ಕೆಲವು ನೂರು ರೂಪಾಯಿಗಳ ವಸ್ತುವಿನ ಆಯ್ಕೆಯಲ್ಲಿ ಎಡವಿದವನು ಕೆಲವು ಲಕ್ಷ ರೂಪಾಯಿಗಳ ಎಂಜಿನ್ನನ್ನು ಕಳೆದುಕೊಳ್ಳುವನು. ಎದುರಿನಿಂದ ಲಾರಿ ಬರುತ್ತಿರುವಾಗ, ಮುಂದಿನ ವಾಹನವನ್ನು ದಾಟುವ ಗಳಿಗೆಯಲ್ಲಿ ಎಂಜಿನ್ನು ಮುಗ್ಗರಿಸಿದರಂತೂ ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ.

ಕಿಡಿಯ ಕುಲಪುರುಷರು

ಎಂಜಿನ್ನಿನೊಳಗಿನ ಅನಿಲಕ್ಕೆ ವಿದ್ಯುತ್ ಕಿಡಿಯಿಂದ ಬೆಂಕಿ ಹಚ್ಚುವ ಉಪಾಯ 1860ರಷ್ಟು ಹಳೆಯದು. ಆ ವರ್ಷ ಪ್ಯಾರಿಸ್ ನಗರದಲ್ಲಿ ಎತಿಯೆನ್ ಲೆನ್ವಾರ್ ಎಂಬಾತನು ತನ್ನ ಅನಿಲ ಎಂಜಿನ್ನಿನಲ್ಲಿ ಅಂತಹ ಕಿಡಿಯನ್ನು ಬಳಸಿದನು. ಆದರೆ ವೇಗವಾಗಿ ತಿರುಗುವ ಮೋಟಾರು ಎಂಜಿನ್ನಿಗೆ ನೆಚ್ಚಿಕೊಳ್ಳಬಹುದಾದ ಕಿಡಿ ದೊರೆತದ್ದು 1902ರಲ್ಲಿ. ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗೊಟ್ಲೋಬ್ ಹೊನೋಲ್ಡ್ ಎಂಬ ತಂತ್ರಜ್ಞನು ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಯಂತ್ರವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಗೊಳಿಸಿದಾಗ.

ಈ ಪುಟ್ಟ ವಸ್ತುವಿನ ಚರಿತ್ರೆಯಲ್ಲಿ ಓಟಗಾರರ ಹೆಸರುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಸ್ವಾರಸ್ಯದ ಸಂಗತಿ. ಆಲ್ಬರ್ಟ್ ಶಾಂಪಿಯನ್ 1899ರಲ್ಲಿ ಪ್ಯಾರಿಸ್–ರೂಬೇ ಸೈಕಲ್ ಪಂದ್ಯವನ್ನು ಗೆದ್ದ ಫ್ರೆಂಚ್ ತರುಣ. ಮುಂದೆ ಅಮೆರಿಕೆಗೆ ಹೋಗಿ ಪ್ಲಗ್ ತಯಾರಿಕೆಗೆ ಕೈ ಹಾಕಿದನು. ತನ್ನ ಹೆಸರಿನ ಮೊದಲ ಸಂಸ್ಥೆ ಹಳೆಯ ಪಾಲುದಾರರ ಪಾಲಾದ ಮೇಲೆ ಹೆಸರಿನ ಮೊದಲಕ್ಷರಗಳನ್ನೇ ಉಳಿಸಿಕೊಂಡು ಎ.ಸಿ. ಪ್ಲಗ್ಗನ್ನು ಪ್ರಸಿದ್ಧಿಗೆ ತಂದನು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ, ಮೂವತ್ತಮೂರೂವರೆ ಗಂಟೆಗಳ ಕಾಲ ಎಡೆಬಿಡದೆ ಕಿಡಿ ಹಾರಿಸಿದವು ಇವೇ ಪ್ಲಗ್ಗುಗಳು.

ಇನ್ನೊಬ್ಬನು ಕೆನೆಲ್ಮ್ ಲೀ ಗಿನ್ನೆಸ್. ಮದ್ಯ ತಯಾರಿಕೆಗೆ ಹೆಸರಾದ ಐರಿಷ್ ಮನೆತನದವನು. ಮೋಟಾರು ಪಂದ್ಯಗಳ ಹುಚ್ಚು ಹಿಡಿದವನು. ಅಂದಿನ ಪ್ಲಗ್ಗುಗಳು ಪಂದ್ಯದ ತಾಪವನ್ನು ತಾಳಲಾರದೆ ಸಿಡಿಯುತ್ತಿದ್ದುದನ್ನು ಕಂಡು ಬೇಸತ್ತು, ತಾನೇ ಒಂದನ್ನು ರೂಪಿಸಲು ತೊಡಗಿದನು. ಲಂಡನ್ನಿನ ಅಂಚಿನಲ್ಲಿ ಬರಿದಾಗಿದ್ದ ಹಳೆಯ ಪಾನಗೃಹವೊಂದು ಅವನ ಕಾರ್ಖಾನೆಯಾಯಿತು. ಪಿಂಗಾಣಿಗೆ ಬದಲಾಗಿ ಅವನು ಬಳಸಿದ್ದು ಅಭ್ರಕವನ್ನು, ಎಂದರೆ ಹಳ್ಳಿಯ ಮಕ್ಕಳು ಕಾಗೆಬಂಗಾರವೆಂದು ಆಯ್ದು ಆಡುವ ವಸ್ತುವನ್ನು. ಹಾಳೆ ಅಭ್ರಕಕ್ಕೆ ಭಾರತದ ಕೊಡರ್ಮಾ ಮತ್ತು ನೆಲ್ಲೂರಿನ ಗಣಿಗಳು ಬಹುಕಾಲ ಜಗತ್ಪ್ರಸಿದ್ಧವಾಗಿದ್ದವು. ಗಿನ್ನೆಸ್ಸನ ಕೆ.ಎಲ್.ಜಿ. ಪ್ಲಗ್ಗುಗಳು ಮೊದಲನೆಯ ಮಹಾಯುದ್ಧದ ವಿಮಾನಗಳನ್ನು ಹಾರಿಸಿದವು. 1922ರ ಮೇ ತಿಂಗಳಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಅವನು ಸ್ವತಃ ಸನ್‌ಬೀಮ್ ಕಾರನ್ನು ಗಂಟೆಗೆ 133.75 ಮೈಲಿ ವೇಗದಲ್ಲಿ ಓಡಿಸಿ ಭೂವೇಗದ ದಾಖಲೆಯನ್ನು ಸ್ಥಾಪಿಸಿದನು. ತಾನು ಮಾರುವ ಸರಕಿನ ಮೇಲೆ ತನ್ನ ಪ್ರಾಣವನ್ನೇ ಪಣವಿಡುವ ವರ್ತಕರು ಲೋಕದಲ್ಲಿ ವಿರಳ.

ಕನ್ನಡ ನಾಡಿಗೂ ಈ ಕಥೆಯಲ್ಲಿ ಪಾತ್ರವುಂಟು. 1951ರಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಎಲ್ಲರೂ ಬಲ್ಲ 'ಮೈಕೋ', ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿತು. ಮೈಕೋ ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಳ್ಳದೆ ದೂರದ ಪಯಣಕ್ಕೆ ಹೊರಡದಿದ್ದ ಸ್ಕೂಟರ್ ಸವಾರರ ತಲೆಮಾರೇ ಒಂದಿತ್ತು. ಸಂಸ್ಥೆಯು 2008ರಲ್ಲಿ ಬಾಷ್ ಎಂಬ ಹೆಸರನ್ನೇ ತಳೆದರೂ ಮೈಕೋ ಎಂಬ ಮಾತು ಬಡಾವಣೆಯ ಹೆಸರಾಗಿ ಬೆಂಗಳೂರಿನಲ್ಲಿ ಉಳಿದುಕೊಂಡಿದೆ.

ಬಿಸಿ ಪ್ಲಗ್, ತಂಪು ಪ್ಲಗ್

ನಿಮಿಷಕ್ಕೆ 8,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿಯೊಂದು ಪ್ಲಗ್ಗೂ ನಿಮಿಷಕ್ಕೆ 4,000 ಸಲ, ಎಂದರೆ ಕಣ್ಣು ರೆಪ್ಪೆ ಬಡಿದು ತೆರೆಯುವುದರೊಳಗೆ ಹಲವು ಸಲ, ಕಿಡಿ ಹಾರಿಸಬೇಕು. ಪ್ರತಿ ಸಲವೂ ಅದರ ಮೂತಿ ಎರಡು ಸಾವಿರ ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಜ್ವಾಲೆಯಲ್ಲಿ ಮುಳುಗಿ, ಮರುಕ್ಷಣವೇ ಒಳನುಗ್ಗುವ ತಂಪಾದ ಗಾಳಿ ಮತ್ತು ಪೆಟ್ರೋಲಿನ ಸ್ನಾನಕ್ಕೆ ಗುರಿಯಾಗುತ್ತದೆ. ಈ ಕುದಿ ಮತ್ತು ಕುಳಿರುಗಳ ನಡುವೆ ಪ್ಲಗ್ಗಿನ ಮೂತಿ ಒಂದು ನಿಯತವಾದ ಶಾಖದಲ್ಲಿ ನೆಲಸಬೇಕು. ಆ ಶಾಖದ ಎಲ್ಲೆಗಳನ್ನು ಅರಿಯುವುದೇ ಆಯ್ಕೆಯ ಮರ್ಮ.

ಕೆಳಗಿನ ಎಲ್ಲೆ ಸುಮಾರು 450ರಿಂದ 500 ಡಿಗ್ರಿ. ಮೂತಿ ಇದಕ್ಕಿಂತ ತಣ್ಣಗಿದ್ದರೆ ಅದರ ಮೇಲೆ ಕುಳಿತ ಮಸಿ ಉರಿದುಹೋಗುವುದಿಲ್ಲ. ಮಸಿಯಲ್ಲಿ ವಿದ್ಯುತ್ತು ಹರಿಯಬಲ್ಲದು. ಆದುದರಿಂದ ಅದು ಕಿಡಿಯಾಗಿ ಹಾರುವ ಶ್ರಮವನ್ನು ಬಿಟ್ಟು ಮಸಿಯ ಕಾಲುದಾರಿಯಲ್ಲಿ ಸದ್ದಿಲ್ಲದೆ ಜಾರಿಹೋಗುತ್ತದೆ. ಕಿಡಿಯಿಲ್ಲ, ಉರಿಯಿಲ್ಲ, ಓಟವೂ ಇಲ್ಲ. ಮೇಲಿನ ಎಲ್ಲೆ ಸುಮಾರು 850 ಡಿಗ್ರಿ. ಅದನ್ನು ಮೀರಿದರೆ ಮೂತಿಯೇ ಕೆಂಡವಾಗಿ, ಕಿಡಿ ಹಾರುವ ಮುನ್ನವೇ ಅನಿಲಕ್ಕೆ ಬೆಂಕಿ ತಗಲುತ್ತದೆ. ಪಿಸ್ಟನ್ನು ಇನ್ನೂ ಮೇಲಕ್ಕೆ ಏರುತ್ತಿರುವಾಗಲೇ ಸ್ಫೋಟದ ಒತ್ತಡ ಅದನ್ನು ಕೆಳಕ್ಕೆ ತುಳಿಯುತ್ತದೆ. ಆ ಸೆಣಸಾಟದಲ್ಲಿ ಶಾಖ ಇನ್ನೂ ಹೆಚ್ಚುತ್ತದೆ. ಶಾಖ ಹೆಚ್ಚಿದಂತೆ ಬೆಂಕಿ ಇನ್ನೂ ಬೇಗ ಹೊತ್ತುತ್ತದೆ. ಶುದ್ಧ ಅಲ್ಯುಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ನಿನ ಮಿಶ್ರಲೋಹಕ್ಕೆ ಅಷ್ಟೂ ಬೇಕಿಲ್ಲ. ಮುಂದಿನ ಗತಿಯನ್ನು ಓದುಗರೇ ಊಹಿಸಬಹುದು.

ಈ ಎರಡು ಎಲ್ಲೆಗಳ ನಡುವೆ ಮೂತಿಯನ್ನು ಹಿಡಿದಿಡುವುದಕ್ಕಾಗಿ ತಯಾರಕರು ಪ್ಲಗ್ಗುಗಳನ್ನು ಬಿಸಿ, ತಂಪು ಎಂಬ ಶ್ರೇಣಿಗಳಲ್ಲಿ ಮಾಡುತ್ತಾರೆ. ವರ್ಕ್‌ಷಾಪುಗಳಲ್ಲಿ ಇವನ್ನು ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಎನ್ನುವುದು ವಾಡಿಕೆ. ಭೇದವಿರುವುದು ಒಳಗಿನ ಪಿಂಗಾಣಿ ಮೂಗಿನ ಉದ್ದದಲ್ಲಿ. ಕಮ್ಮಾರನು ಕುಲುಮೆಯಲ್ಲಿಟ್ಟ ಸಲಾಕೆ ಗಿಡ್ಡವಾಗಿದ್ದರೆ ಬೆಂಕಿಯ ಶಾಖ ಬೇಗನೆ ಹರಿದು ಕೈಗೆ ಮುಟ್ಟುತ್ತದೆ. ಉದ್ದವಾಗಿದ್ದರೆ ಶಾಖ ತುದಿಯಲ್ಲಿಯೇ ನಿಂತು ತುದಿ ಕೆಂಪಾಗುತ್ತದೆ. ಪ್ಲಗ್ಗಿನ ನ್ಯಾಯವೂ ಇದೇ. ಗಿಡ್ಡ ಮೂಗಿನದು ಶಾಖವನ್ನು ಬೇಗನೆ ಉಕ್ಕಿನ ಕವಚಕ್ಕೂ ಅಲ್ಲಿಂದ ಎಂಜಿನ್ನಿನ ತಲೆಗೂ ದಾಟಿಸಿ ತಾನು ತಂಪಾಗಿರುತ್ತದೆ. ಉದ್ದ ಮೂಗಿನದು ಶಾಖವನ್ನು ತಡೆಹಿಡಿದು ಬಿಸಿಯಾಗುತ್ತದೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸುವುದು ಅಗತ್ಯ. ಬಿಸಿ ಪ್ಲಗ್ಗೆಂದರೆ ಬಿಸಿ ಕಿಡಿಯನ್ನು ಹಾರಿಸುವ ಪ್ಲಗ್ಗಲ್ಲ. ತಂಪು ಪ್ಲಗ್ಗನ್ನು ಹಾಕಿದ ಮಾತ್ರಕ್ಕೆ ಕಾರಿನ ಶಕ್ತಿ ಹೆಚ್ಚುವುದೂ ಇಲ್ಲ. ಹೆಚ್ಚು ಶಕ್ತಿಯುಳ್ಳ ಎಂಜಿನ್ನು ಹೆಚ್ಚು ಶಾಖವನ್ನು ಹುಟ್ಟಿಸುವುದರಿಂದ ಅದಕ್ಕೆ ಶಾಖವನ್ನು ಬೇಗ ಹೊರಹಾಕುವ ಪ್ಲಗ್ಗು ಬೇಕು, ಅಷ್ಟೆ. ಪ್ಲಗ್ಗು ಶಕ್ತಿಯ ಮೂಲವಲ್ಲ, ಶಕ್ತಿಗೆ ಕಾವಲುಗಾರ.

ಒಂದೇ ದಿನಕ್ಕೆ ಎರಡು ಜೊತೆ

1950ರ ದಶಕದ ಗ್ರಾಂಡ್ ಪ್ರೀ ಪಂದ್ಯಗಳಲ್ಲಿ ಮೆಕ್ಯಾನಿಕ್ಕುಗಳ ಕೈಗಳು ಸುಟ್ಟ ಗಾಯಗಳಿಂದ ತುಂಬಿರುತ್ತಿದ್ದುದಕ್ಕೆ ಇದೇ ಕಾರಣ. ಪಂದ್ಯದ ಪೂರ್ಣವೇಗವನ್ನು ತಾಳಬಲ್ಲ 'ಗಟ್ಟಿ' ಪ್ಲಗ್ಗುಗಳು ತಣ್ಣನೆಯ ಎಂಜಿನ್ನಿನಲ್ಲಿ ಕೂಡಲೇ ಮಸಿ ಹಿಡಿದು ಸಾಯುತ್ತಿದ್ದವು. ಆದುದರಿಂದ ಮೊದಲು 'ಮೃದು' ಪ್ಲಗ್ಗುಗಳನ್ನು ಹಾಕಿ ಎಂಜಿನ್ನನ್ನು ಓಡಿಸಿ, ಎಣ್ಣೆ ಮತ್ತು ನೀರು ಚೆನ್ನಾಗಿ ಕಾದ ಮೇಲೆ, ಮುಟ್ಟಿದರೆ ಸುಡುವ ಆ ತಲೆಯಿಂದ ಅವನ್ನೆಲ್ಲ ಬಿಚ್ಚಿ, ಗಟ್ಟಿ ಪ್ಲಗ್ಗುಗಳನ್ನು ಕೂರಿಸುತ್ತಿದ್ದರು. ಅಲ್ಲಿಂದಾಚೆಗೆ ಎಂಜಿನ್ನನ್ನು ಮೆಲ್ಲನೆ ಓಡಗೊಡುವಂತಿರಲಿಲ್ಲ. ಪಂದ್ಯಾರಂಭದ ಬಾವುಟ ಬೀಳುವವರೆಗೆ ಚಾಲಕರು ಬಿಟ್ಟು ಬಿಟ್ಟು ವೇಗವರ್ಧಕವನ್ನು ತುಳಿದು ಎಂಜಿನ್ನನ್ನು ಗರ್ಜಿಸುವಂತೆ ಮಾಡುತ್ತಿದ್ದುದು ಬರಿಯ ಆಡಂಬರವಾಗಿರಲಿಲ್ಲ. ಪ್ಲಗ್ಗುಗಳನ್ನು ಬದುಕಿಸಿಕೊಳ್ಳುವ ಪರದಾಟವೂ ಅದಾಗಿತ್ತು.

ಆ ಕಾಲದ ಶಿಲ್ಪಿಗಳು ಒಂದು ಕಿಡಿ ಸಾಲದೆಂದು ಎರಡನ್ನು ಇರಿಸಿದ್ದೂ ಉಂಟು. ಪೋರ್ಷೆ ಸಂಸ್ಥೆಗಾಗಿ ಎರ್ನ್ಸ್ಟ್ ಫೂರ್ಮನ್ ರೂಪಿಸಿದ ಒಂದೂವರೆ ಲೀಟರಿನ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು, ಆದರೆ ಪ್ಲಗ್ಗುಗಳು ಎಂಟು. ಎರಡು ಕಡೆಗಳಿಂದ ಹೊರಟ ಜ್ವಾಲೆಗಳು ನಡುವೆ ಬೇಗನೆ ಸಂಧಿಸುವುದರಿಂದ ಅನಿಲವೆಲ್ಲ ಸಕಾಲದಲ್ಲಿ ಉರಿಯುತ್ತದೆ. ಅದೇ ಸಂಸ್ಥೆಯ 917 ಎಂಬ ಹನ್ನೆರಡು ಸಿಲಿಂಡರುಗಳ ಓಟದ ಕಾರಿನಲ್ಲಿ ಪ್ಲಗ್ಗುಗಳ ಸಂಖ್ಯೆ 24. ಅವುಗಳಲ್ಲಿ ಒಂದೇ ಒಂದು ಮುನಿದರೂ ಕಂಡುಹಿಡಿಯುವವರ ಪಾಡೇನಾಗಿದ್ದೀತು!

ಮುಂದೆ ಪಿಂಗಾಣಿಯ ಬದಲಿಗೆ ಅಲ್ಯುಮಿನಾ ಎಂಬ, ಎರಡು ಸಾವಿರ ಡಿಗ್ರಿಯನ್ನು ಮೀರಿದ ಮೇಲಷ್ಟೆ ಕರಗುವ ಗಟ್ಟಿ ಪದಾರ್ಥವು ಬಂದಿತು. ಇಂದಿಗೂ ಬಳಕೆಯ ಮಾತಿನಲ್ಲಿ ಪಿಂಗಾಣಿಯೆನಿಸಿಕೊಳ್ಳುವುದು ಇದೇ. ನಡುವಿನ ಲೋಹದ ಕಂಬದೊಳಗೆ ತಾಮ್ರದ ತಿರುಳನ್ನು ತುಂಬುವ ಕ್ರಮವೂ ರೂಢಿಗೆ ಬಂದಿತು. ತಾಮ್ರವು ಶಾಖವನ್ನು ಬಹುಬೇಗ ಸಾಗಿಸುವುದರಿಂದ, ಮೂಗು ಸ್ವಲ್ಪ ಉದ್ದವಿದ್ದು ಬೇಗ ಕಾಯುವ ಪ್ಲಗ್ಗೇ ಪೂರ್ಣವೇಗದಲ್ಲಿಯೂ ತಂಪಾಗಿ ಉಳಿಯುವುದು ಸಾಧ್ಯವಾಯಿತು. ಒಂದೇ ದಿನಕ್ಕೆ ಎರಡು ಜೊತೆ ಹೊತ್ತೊಯ್ಯುವ ಕಷ್ಟ ರಸ್ತೆಯ ಕಾರಿಗೆ ತಪ್ಪಿತು. ಆದರೂ ಆಯ್ಕೆಯ ಕಷ್ಟ ತಪ್ಪಲಿಲ್ಲ.

ಮೇಸ್ತ್ರಿಯ ಪ್ರಶ್ನೆ

ಬೆಂಗಳೂರಿನ ತರುಣನೊಬ್ಬನು ತನ್ನ ಟರ್ಬೋ ಕಾರಿನ ಶಕ್ತಿಯನ್ನು ಹೆಚ್ಚಿಸಿಕೊಂಡು, ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಬಂದನೆಂದು ಭಾವಿಸೋಣ.

"ಮೇಸ್ತ್ರಿಗಳೇ, ಓಟದ ಕಾರಿಗೆ ಹಾಕುವ ಅತ್ಯಂತ ತಂಪು ಪ್ಲಗ್ಗುಗಳನ್ನೇ ಹಾಕಿಬಿಡಿ. ಹಣದ ಯೋಚನೆ ಬೇಡ" ಎನ್ನುತ್ತಾನೆ ತರುಣ.

"ಆಗಲಿ ಸ್ವಾಮಿ. ತಿಂಗಳಿಗೆ ಎಷ್ಟು ದಿನ ಓಟದ ಪಥಕ್ಕೆ ಹೋಗುತ್ತೀರಿ?"

"ಒಂದು ದಿನ. ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ."

"ಉಳಿದ ದಿನಗಳಲ್ಲಿ?"

"ಸಿಲ್ಕ್ ಬೋರ್ಡ್ ಮಾರ್ಗವಾಗಿ ಕಚೇರಿಗೆ."

"ಹಾಗಾದರೆ ನಿಮ್ಮ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು ಸ್ವಾಮಿ. ನೀವು ಕೇಳಿದ ಪ್ಲಗ್ಗು ಹಾಕಿದರೆ ಒಂದು ವಾರದೊಳಗೆ ಮಸಿ ಹಿಡಿಯುತ್ತದೆ. ಒಂದು ಮೆಟ್ಟಿಲು ಮಾತ್ರ ತಂಪಾದದ್ದು ಹಾಕೋಣ; ಒಂದು ದಿನ ಓಡಿಸಿ ಬನ್ನಿ, ಬಿಚ್ಚಿ ನೋಡೋಣ."

ಮೇಸ್ತ್ರಿಯ ಉತ್ತರದಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಪ್ಲಗ್ಗನ್ನು ಆರಿಸಬೇಕಾದುದು ಕಾರಿನ ಅತ್ಯಧಿಕ ವೇಗವನ್ನು ನೋಡಿ ಮಾತ್ರವಲ್ಲ, ಒಡೆಯನ ದಿನಚರಿಯನ್ನೂ ನೋಡಿ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಇರುವ ಕಾರಿಗೆ ಕೈಪಿಡಿಯಲ್ಲಿ ಹೇಳಿದ ಪ್ಲಗ್ಗೇ ಶ್ರೇಷ್ಠ. ಅದನ್ನು ನಿಶ್ಚಯಿಸಲು ತಯಾರಕರು ಪಟ್ಟಿರುವ ಪಾಡು ಸಾಮಾನ್ಯವಲ್ಲ. ಟರ್ಬೋ ಒತ್ತಡವನ್ನು ಏರಿಸಿ, ಇಲ್ಲವೇ ಬೇರೆ ಬಗೆಯಿಂದ ಶಕ್ತಿಯನ್ನು ಹೆಚ್ಚಿಸಿದ್ದರೆ, ಪ್ರತಿ 75ರಿಂದ 100 ಅಶ್ವಶಕ್ತಿಯ ಏರಿಕೆಗೆ ಒಂದು ಮೆಟ್ಟಿಲು ತಂಪಾದ ಪ್ಲಗ್ಗು ಎಂಬುದು ಬಲ್ಲವರ ಸ್ಥೂಲವಾದ ಲೆಕ್ಕ. ಒಂದು ಮೆಟ್ಟಿಲೆಂದರೆ ಮೂತಿಯ ಶಾಖದಲ್ಲಿ ಸುಮಾರು 70ರಿಂದ 100 ಡಿಗ್ರಿಯ ಅಂತರ. ಸಂದೇಹವಿದ್ದಲ್ಲಿ ಬಿಸಿಯ ಕಡೆಗಿಂತ ತಂಪಿನ ಕಡೆಗೆ ವಾಲುವುದು ಕ್ಷೇಮ. ಮಸಿ ಹಿಡಿದ ಪ್ಲಗ್ಗನ್ನು ಬದಲಾಯಿಸಬಹುದು. ಕರಗಿದ ಪಿಸ್ಟನ್ನನ್ನು ಹಾಗೆ ಬದಲಾಯಿಸಿ ಮನೆಗೆ ಹೋಗಲಾಗುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಅಂಕಿಗಳ ಬಲೆಯಲ್ಲಿ ಸಿಲುಕದಿರುವ ಎಚ್ಚರವೂ ಬೇಕು. 1936ರಲ್ಲಿ ಜಪಾನಿನ ನಗೋಯಾದಲ್ಲಿ ಸ್ಥಾಪಿತವಾದ ಎನ್.ಜಿ.ಕೆ. ಸಂಸ್ಥೆಯ ಪ್ಲಗ್ಗುಗಳಲ್ಲಿ ಅಂಕಿ ಹೆಚ್ಚಿದಂತೆ ಪ್ಲಗ್ಗು ತಂಪು. 6ಕ್ಕಿಂತ 7 ತಂಪು, 7ಕ್ಕಿಂತ 8 ತಂಪು. ಡೆನ್ಸೋ ಸಂಸ್ಥೆಯದೂ ಇದೇ ರೀತಿ. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಇದಕ್ಕೆ ವಿರುದ್ಧವಾದ ಕ್ರಮ: ಅಂಕಿ ಇಳಿದಂತೆ ಪ್ಲಗ್ಗು ತಂಪು. ಬಾಷ್ ಸಂಸ್ಥೆಯ ಹಳೆಯ ಪದ್ಧತಿಯಲ್ಲಿ, ಎಂದರೆ 175, 225 ಮುಂತಾದ ದೊಡ್ಡ ಅಂಕಿಗಳಿದ್ದ ಕಾಲದಲ್ಲಿ, ಹೆಚ್ಚಿನ ಅಂಕಿಯೇ ತಂಪಿನ ಗುರುತಾಗಿತ್ತು. ಒಂದು ಸಂಸ್ಥೆಯ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದವನು ತಂಪನ್ನು ಬಯಸಿ ಬೆಂಕಿಯನ್ನು ಮನೆಗೆ ಕೊಂಡೊಯ್ಯುವನು.

ಕೂದಲೆಳೆಯ ಅಂತರ

ಶಾಖದ ವಿಚಾರವಾದ ಮೇಲೆ ಮೊನೆಗಳ ನಡುವಿನ ಅಂತರದ ವಿಚಾರ. ಇದನ್ನು ಗ್ಯಾಪ್ ಎನ್ನುತ್ತಾರೆ. ಕಿಡಿಯು ಹಾರಬೇಕಾದ ಹಳ್ಳವಿದು. ಹಳ್ಳ ಅಗಲವಾಗಿದ್ದಷ್ಟೂ ಕಿಡಿ ದೊಡ್ಡದು. ಅನಿಲಕ್ಕೆ ಬೆಂಕಿ ಸುಲಭವಾಗಿ ಹತ್ತುವುದು. ಆದರೆ ಅಗಲ ಹೆಚ್ಚಿದಷ್ಟೂ ಹಾರಲು ಹೆಚ್ಚು ವೋಲ್ಟೇಜು ಬೇಕು. ಅಂತರದಂತೆಯೇ ಅನಿಲದ ಒತ್ತಡವೂ ಕಿಡಿಗೆ ಅಡ್ಡಿಯಾಗುವುದೆಂಬ ನಿಯಮವನ್ನು ಜರ್ಮನಿಯ ಫ್ರೆಡ್ರಿಕ್ ಪಾಷೆನ್ 1889ರಷ್ಟು ಹಿಂದೆಯೇ ಕಂಡುಹಿಡಿದಿದ್ದನು. ಟರ್ಬೋ ಎಂಜಿನ್ನು ಸಿಲಿಂಡರಿನೊಳಗೆ ಗಾಳಿಯನ್ನು ತುರುಕುತ್ತದೆ. ದಟ್ಟವಾದ ಆ ಗಾಳಿಯಲ್ಲಿ ಅಗಲವಾದ ಹಳ್ಳವನ್ನು ಕಿಡಿ ದಾಟಲಾರದೆ ಆರಿಹೋಗುತ್ತದೆ. ಗಾಳಿ ಊದಿದರೆ ದೀಪ ಆರುವಂತೆ ಇದು ಎಂದು ಮೆಕ್ಯಾನಿಕ್ಕುಗಳು ಬಣ್ಣಿಸುವುದುಂಟು. ವಾಸ್ತವವಾಗಿ ದೀಪ ಆರುವುದಲ್ಲ, ಹೊತ್ತಿಕೊಳ್ಳದೆಯೇ ಇರುವುದು.

ಆದುದರಿಂದ ಒತ್ತಡವನ್ನು ಏರಿಸಿದ ಕಾರಿನಲ್ಲಿ ಅಂತರವನ್ನು ಇಳಿಸುವುದು ಕ್ರಮ. ಸಾಮಾನ್ಯವಾಗಿ 1.0 ಅಥವಾ 1.1 ಮಿಲಿಮೀಟರು ಇರುವಲ್ಲಿ 0.7 ಅಥವಾ 0.8ಕ್ಕೆ ಇಳಿಸುವುದು ವಾಡಿಕೆ. ಇನ್ನೂ ಇಳಿಸಿದರೆ ಕಿಡಿ ಸಣ್ಣದಾಗಿ, ನಿಧಾನವಾಗಿ ಓಡುವಾಗ ಎಂಜಿನ್ನು ತಡವರಿಸುತ್ತದೆ. 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಜಗತ್ತಿನ ಕಣ್ಣು ಕುಕ್ಕಿದ ಜಾಗ್ವಾರ್ ಇ-ಟೈಪ್ ಕಾರಿಗೆ ವಿಧಿಸಿದ್ದ ಅಂತರ ಅಂಗುಲದ ಸಾವಿರದಲ್ಲಿ 25 ಭಾಗ, ಎಂದರೆ ಸುಮಾರು 0.64 ಮಿಲಿಮೀಟರು. ಅಂದಿನ ಕಾಯಿಲುಗಳ ಬಲ ಅಷ್ಟೇ ಇದ್ದಿತು. ಇಂದು ಅಂತಹ ಹಳೆಯ ಕಾರನ್ನು ಜೋಪಾನ ಮಾಡುವವರು ಹೊಸ ಕಾರಿನ ಅಂತರವನ್ನು ಅದಕ್ಕೆ ಇಟ್ಟರೆ ಮುದುಕನನ್ನು ಹಳ್ಳ ಜಿಗಿಯಲು ಹಚ್ಚಿದಂತಾದೀತು.

ಕಾಮನಬಿಲ್ಲಿನ ಲೋಹ

ಮೊನೆ ಯಾವ ಲೋಹದ್ದಾಗಿರಬೇಕೆಂಬುದು ಮುಂದಿನ ಪ್ರಶ್ನೆ. ಅಂಗಡಿಯವನು ಮೂರು ಬಗೆಗಳನ್ನು ಮುಂದಿಡುತ್ತಾನೆ: ನಿಕಲ್ ಮಿಶ್ರಲೋಹ, ಪ್ಲಾಟಿನಮ್, ಇರಿಡಿಯಮ್. ಇರಿಡಿಯಮ್ ಲೋಹವನ್ನು 1803ರಲ್ಲಿ ಸ್ಮಿತ್ಸನ್ ಟೆನೆಂಟ್ ಎಂಬ ಇಂಗ್ಲಿಷ್ ರಸಾಯನಜ್ಞನು ಕಂಡುಹಿಡಿದನು. ಅದರ ಲವಣಗಳ ಬಣ್ಣಬಣ್ಣದ ಸೊಬಗನ್ನು ಕಂಡು, ಗ್ರೀಕರ ಕಾಮನಬಿಲ್ಲಿನ ದೇವತೆಯಾದ ಐರಿಸಳ ಹೆಸರನ್ನು ಅದಕ್ಕೆ ಇಟ್ಟನು. ಪ್ಲಾಟಿನಮ್ ಕರಗುವುದು 1,768 ಡಿಗ್ರಿಯಲ್ಲಿ. ಇರಿಡಿಯಮ್ ಕರಗಲು 2,400 ಡಿಗ್ರಿಯನ್ನೂ ಮೀರಬೇಕು. ಇಷ್ಟು ಗಟ್ಟಿಯಾದುದರಿಂದ ಅದರ ಮೊನೆಯನ್ನು 0.4 ಮಿಲಿಮೀಟರಿನಷ್ಟು ಸಪುರವಾಗಿ ಮಾಡಿದರೂ ಸವೆಯದೆ ಬಹುಕಾಲ ಬಾಳುತ್ತದೆ. ಚೂಪಾದ ಮೊನೆಯಲ್ಲಿ ವಿದ್ಯುತ್ತಿನ ಸೆಳೆತ ಒಂದೆಡೆಗೆ ಒಟ್ಟುಗೂಡುವುದರಿಂದ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. ಒತ್ತಡ ಹೆಚ್ಚಿರುವ ಎಂಜಿನ್ನಿಗೆ ಇದು ವರವೇ ಸರಿ.

ಹಾಗೆಂದು ದುಬಾರಿಯಾದುದೆಲ್ಲ ಎಲ್ಲರಿಗೂ ಒಳ್ಳೆಯದೆನ್ನುವಂತಿಲ್ಲ. ಪಂದ್ಯಕ್ಕೊಮ್ಮೆ ಪ್ಲಗ್ಗು ಬದಲಾಯಿಸುವವರಿಗೆ, ಶಕ್ತಿಯನ್ನು ಏರಿಸುತ್ತ ಇಳಿಸುತ್ತ ಪರೀಕ್ಷೆ ನಡೆಸುವವರಿಗೆ, ತಾಮ್ರದ ತಿರುಳಿನ ಅಗ್ಗದ ನಿಕಲ್ ಪ್ಲಗ್ಗೇ ಸಾಕು. ಬೇಗ ಸವೆಯುವುದೊಂದೇ ಅದರ ದೋಷ. ಇರಿಡಿಯಮ್ಮಿನ ಗುಣ ಮುಖ್ಯವಾಗಿ ಅದರ ದೀರ್ಘಾಯುಸ್ಸು. ಅದರ ಸೂಜಿಮೊನೆಯನ್ನು ತಂತಿ ಕುಂಚದಿಂದ ಉಜ್ಜುವುದು, ಅಂತರವನ್ನು ಸರಿಪಡಿಸಲು ನಡುವಿನ ಮೊನೆಯ ಮೇಲೆ ಬಲ ಹಾಕುವುದು ಸಲ್ಲದು. ಬಾಗಿಸಬೇಕಾದುದು ಹೊರಗಿನ ಕೊಕ್ಕೆಯನ್ನು ಮಾತ್ರ, ಅದೂ ಮೆಲ್ಲಗೆ. ಪೇಟೆಯಲ್ಲಿ ಹೆಸರಾಂತ ಮುದ್ರೆಗಳ ನಕಲಿ ಪ್ಲಗ್ಗುಗಳೂ ಸುಳಿದಾಡುವುದರಿಂದ, ಬೆಲೆ ಅತಿಯಾಗಿ ಇಳಿದಿದೆಯೆಂದರೆ ಹಿಗ್ಗುವ ಬದಲು ಹಿಂಜರಿಯುವುದು ಜಾಣತನ.

ಅಳತೆ ಮತ್ತು ಬಿಗಿತ

ಶಾಖ, ಅಂತರ, ಲೋಹ ಮೂರೂ ಸರಿಯಿದ್ದು ಅಳತೆ ತಪ್ಪಿದರೆ ಎಲ್ಲವೂ ವ್ಯರ್ಥ. ತಿರುಪಿನ ಅಡ್ಡಳತೆ ಬಹಳ ಕಾಲ 14 ಮಿಲಿಮೀಟರೇ ಆಗಿದ್ದಿತು. ಹೊಸ ಎಂಜಿನ್ನುಗಳಲ್ಲಿ 12 ಮಿಲಿಮೀಟರಿನದು, ಕೆಲವು ಕಡೆ 10ರದು ಬಂದಿದೆ. ತಿರುಪಿನ ಉದ್ದ ಇನ್ನೂ ಮುಖ್ಯ. ಅರ್ಧ ಅಂಗುಲದ ಪ್ಲಗ್ಗಿರಬೇಕಾದ ಎಂಜಿನ್ನಿಗೆ ಮುಕ್ಕಾಲು ಅಂಗುಲದ್ದನ್ನು ತಿರುಗಿಸಿದರೆ ಮೂತಿ ಒಳಕ್ಕೆ ಚಾಚಿ ಪಿಸ್ಟನ್ನಿನ ಪೆಟ್ಟು ತಿನ್ನಬಹುದು. ಉದ್ದದ್ದರ ಎಡೆಯಲ್ಲಿ ಗಿಡ್ಡದ್ದನ್ನು ಹಾಕಿದರೆ ಕಿಡಿ ಗುಹೆಯೊಳಗೆ ಅವಿತು, ಬರಿದಾಗಿ ಉಳಿದ ತಿರುಪಿನಲ್ಲಿ ಕಿಟ್ಟ ಕಟ್ಟಿ ಮುಂದೆ ಸರಿಯಾದ ಪ್ಲಗ್ಗೂ ಹೋಗದಂತಾಗುತ್ತದೆ. ಎತ್ತರದ ನೆತ್ತಿಯ ಪಿಸ್ಟನ್ನುಗಳನ್ನು ಹಾಕಿಸಿದ ಕಾರಿನಲ್ಲಿ, ಮುಂಚಾಚಿದ ಮೂಗಿನ ಪ್ಲಗ್ಗಿಗೆ ಒಳಗೆ ಎಡೆಯಿದೆಯೇ ಎಂದು ಮೊದಲೇ ಅಳೆದು ನೋಡತಕ್ಕದ್ದು.

ವೇಗದ ಕಾರುಗಳ ಎಂಜಿನ್ ತಲೆ ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನದು. ಅದು ತಣ್ಣಗಾದ ಮೇಲೆಯೇ ಪ್ಲಗ್ಗನ್ನು ಬಿಚ್ಚಬೇಕು. ಕಾದಿರುವಾಗ ಅವಸರಪಟ್ಟರೆ ಪ್ಲಗ್ಗಿನ ಜೊತೆಗೆ ತಿರುಪೂ ಕಿತ್ತುಬರುತ್ತದೆ. ಹೊಸದನ್ನು ಮೊದಲು ಬೆರಳಿನಿಂದಲೇ ಕಡೆಯವರೆಗೂ ತಿರುಗಿಸಬೇಕು; ಬೆರಳಿಗೆ ಒಗ್ಗದ್ದು ಸ್ಪ್ಯಾನರಿಗೆ ಒಗ್ಗಿದರೆ ಅನರ್ಥವೆಂದೇ ಅರ್ಥ. ಅನಂತರ ಹೊಸ ವಾಷರ್ ಇರುವ ಪ್ಲಗ್ಗಿಗೆ ಅರ್ಧ ಸುತ್ತು ಅಥವಾ ಅದಕ್ಕಿಂತ ತುಸು ಹೆಚ್ಚು. ವಾಷರ್ ಇಲ್ಲದ ಇಳಿಜಾರು ಪೀಠದ ಪ್ಲಗ್ಗಿಗೆ ಸುತ್ತಿನ ಹದಿನಾರನೆಯ ಒಂದು ಭಾಗ. ಬಿಗಿತವನ್ನು ಅಳೆಯುವ ಟಾರ್ಕ್ ಸ್ಪ್ಯಾನರು ಇದ್ದರಂತೂ ಕೈಪಿಡಿಯ ಅಂಕಿಯೇ ಪ್ರಮಾಣ. ಸಡಿಲವಾಗಿ ಕೂತ ಪ್ಲಗ್ಗಿನ ಶಾಖ ಎಂಜಿನ್ನಿನ ತಲೆಗೆ ದಾಟುವುದಿಲ್ಲವಾದುದರಿಂದ, ಹುಡುಕಿ ತಂದ ತಂಪು ಪ್ಲಗ್ಗೂ ಬಿಸಿ ಪ್ಲಗ್ಗಾಗಿ ಪರಿಣಮಿಸುವುದೆಂಬುದನ್ನು ಮರೆಯಲಾಗದು.

ಪ್ಲಗ್ಗಿನ ಮುಖವನ್ನು ಓದುವುದು

ನಾಡಿಯನ್ನು ಹಿಡಿದು ರೋಗವನ್ನು ಹೇಳುವ ಪಂಡಿತನಂತೆ, ಬಲ್ಲ ಮೇಸ್ತ್ರಿಯು ಪ್ಲಗ್ಗಿನ ಮೂತಿಯನ್ನು ನೋಡಿ ಎಂಜಿನ್ನಿನ ಆರೋಗ್ಯವನ್ನು ಹೇಳುತ್ತಾನೆ. ಪಿಂಗಾಣಿಯ ಮೂಗು ತಿಳಿಯಾದ ಬೂದು ಅಥವಾ ಹಾಲು ಬೆರೆಸಿದ ಕಾಫಿಯ ಬಣ್ಣದ್ದಾಗಿದ್ದರೆ ಎಲ್ಲವೂ ಕ್ಷೇಮ. ಒಣಗಿದ ಕಾಡಿಗೆಯಂತಹ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೇ ಪ್ಲಗ್ಗು ಅತಿ ತಂಪು. ಜಿಡ್ಡಾದ ಕಪ್ಪಿದ್ದರೆ ಎಂಜಿನ್ ಎಣ್ಣೆ ಒಳಗೆ ಸೋರುತ್ತಿದೆ. ಅದಕ್ಕೆ ಪ್ಲಗ್ಗನ್ನು ದೂರಿ ಫಲವಿಲ್ಲ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಗಳೆದ್ದಿದ್ದರೆ ಅದು ಅಪಾಯದ ಗಂಟೆ. ಆ ಬಿಳುಪಿನ ಮೇಲೆ ಸಾಸಿವೆಗಿಂತಲೂ ಸಣ್ಣ ಲೋಹದ ಹನಿಗಳು ಮಿನುಗುತ್ತಿದ್ದರೆ, ಅವು ಪಿಸ್ಟನ್ನಿನಿಂದಲೇ ಬಿಡಿಸಿಕೊಂಡು ಬಂದ ಅಲ್ಯುಮಿನಿಯಮ್ ಕಣಗಳು. ಆ ಕಾರನ್ನು ಅಲ್ಲಿಂದ ಒಂದು ಮೈಲಿಯೂ ವೇಗವಾಗಿ ಓಡಿಸಬಾರದು.

ಈ ಓದಿಗೂ ಒಂದು ಕ್ರಮವುಂಟು. ಮನೆಯ ಮುಂದೆ ಹತ್ತು ನಿಮಿಷ ನಿಲ್ಲಿಸಿ ಓಡಿಸಿದ ಎಂಜಿನ್ನಿನ ಪ್ಲಗ್ಗು ಪೂರ್ಣವೇಗದ ಸತ್ಯವನ್ನು ಹೇಳಲಾರದು. ಪಥದಲ್ಲಿ ಪೂರ್ಣವೇಗದಿಂದ ಓಡುತ್ತಿರುವಾಗಲೇ ಕ್ಲಚ್ಚನ್ನು ತುಳಿದು, ಎಂಜಿನ್ನನ್ನು ಆರಿಸಿ, ಉರುಳುತ್ತ ಬಂದು ನಿಂತ ಕಾರಿನ ಪ್ಲಗ್ಗನ್ನೇ ನೋಡಬೇಕೆಂಬುದು ಪಂದ್ಯಗಾರರ ಸಂಪ್ರದಾಯ. ಎಂಜಿನ್ನು ಆರಿದೊಡನೆ ಬ್ರೇಕು ಮತ್ತು ಸ್ಟಿಯರಿಂಗಿನ ನೆರವೂ ಕುಂದುವುದರಿಂದ, ಇದನ್ನು ಮಾಡತಕ್ಕದ್ದು ಮುಚ್ಚಿದ ಓಟದ ಪಥದಲ್ಲಿ ಮಾತ್ರ; ಸಾರ್ವಜನಿಕ ರಸ್ತೆಯಲ್ಲಿ ಎಂದಿಗೂ ಅಲ್ಲ.

ವಿದ್ಯುತ್ತಿನಿಂದಲೇ ಓಡುವ ಕಾರುಗಳು ರಸ್ತೆಗೆ ಇಳಿದಿವೆ. ಅವಕ್ಕೆ ಪ್ಲಗ್ಗೂ ಇಲ್ಲ, ಪ್ಲಗ್ಗಿನ ಚಿಂತೆಯೂ ಇಲ್ಲ. ಆದರೆ ಪೆಟ್ರೋಲಿನ ಗರ್ಜನೆಗೆ ಮನಸೋತವರು ಇರುವವರೆಗೂ ಈ ಪುಟ್ಟ ಕಿಡಿಗೆ ಕೆಲಸ ತಪ್ಪದು. ಅಂಥವರು ಪ್ಲಗ್ಗನ್ನು ಕೊಳ್ಳುವ ಮೊದಲು ಅಂಗಡಿಯವನನ್ನು ಕೇಳುವುದಕ್ಕಿಂತ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಕಾರು ನಿಜವಾಗಿ ಎಲ್ಲಿ, ಎಷ್ಟು ಹೊತ್ತು, ಎಷ್ಟು ವೇಗವಾಗಿ ಓಡುವುದು? ಆಸೆಯ ವೇಗಕ್ಕಲ್ಲದೆ ಓಟದ ವೇಗಕ್ಕೆ ತಕ್ಕ ಪ್ಲಗ್ಗನ್ನು ಆರಿಸಿಕೊಂಡವನ ಎಂಜಿನ್ನು ಬಹುಕಾಲ ಬಾಳುವುದು. ಅವನ ಮೇಸ್ತ್ರಿಗೆ ರಾತ್ರಿ ಹೊತ್ತಿನಲ್ಲಿ ನಿದ್ದೆಯೂ ಬರುವುದು.